ಆಯ್ತು ಅಂದರೆ ಯಾವ ಆಯ್ತು

‘ಆಯ್ತು’ ಎಂಬ ಮಾತಿನಷ್ಟು ಸೋಮಾರಿ ಮಾತು ಕನ್ನಡದಲ್ಲಿ ಇನ್ನೊಂದಿಲ್ಲ. ಅಡುಗೆ ಮುಗಿದಿದ್ದರೂ ಆಯ್ತು, ಇನ್ನು ಎದ್ದು ಒಲೆ ಹಚ್ಚಬೇಕಾಗಿದ್ದರೂ ಆಯ್ತು. ಒಪ್ಪಿಗೆಗೂ ಅದೇ, ಬೇಸರಕ್ಕೂ ಅದೇ, ಫೋನು ಇಡುವುದಕ್ಕೂ ಅದೇ. ಹೇಳಿದವರ ಮನಸ್ಸಿನಲ್ಲಿ ಒಂದು ಇರುತ್ತದೆ, ಕೇಳಿದವರ ಕಿವಿಗೆ ಇನ್ನೊಂದು ಬೀಳುತ್ತದೆ, ಆದರೂ ಸಂಸಾರಗಳು ನಡೆಯುತ್ತವೆ. ಚಸ್ಮಾಳ ವಿಷಯದಲ್ಲಿ ಮಾತ್ರ ಈ ಒಂದು ಮಾತಿನಿಂದ ಕೆಲಸವೇ ಕೈಬಿಟ್ಟು ಹೋಗುವುದರಲ್ಲಿತ್ತು.

ಚಸ್ಮಾ ಅವಳ ಹೆಸರಲ್ಲ, ಆಫೀಸಿನವರು ಇಟ್ಟದ್ದು. ಇಲ್ಲಿಗೆ ಬರುವ ಮುಂಚೆ ಅವಳು ಹಲವು ವರ್ಷ ಕನ್ನಡಕದ ಅಂಗಡಿಯಲ್ಲಿದ್ದಳು. ಬಂದವರ ಮೂಗಿನ ಮೇಲೆ ಫ್ರೇಮು ಕೂರಿಸಿ, ಕಿವಿಯ ಹಿಂದೆ ಕಡ್ಡಿ ಬಗ್ಗಿಸಿ, ಕನ್ನಡಿ ಹಿಡಿದು ‘ಈಗ ನೋಡಿ’ ಎನ್ನುವ ಕೆಲಸ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಅಂಗಡಿಯ ಕಂಪ್ಯೂಟರಿನ ಮುಂದೆಯೇ ಕೂತು ಪ್ರೋಗ್ರಾಮ್ ಬರೆಯುವುದನ್ನು ಅಷ್ಟಿಷ್ಟು ಕಲಿತಳು, ಆಮೇಲೆ ಸಂಜೆಯ ಕೋರ್ಸಿಗೆ ಸೇರಿದಳು, ಹಲ್ಲು ಕಚ್ಚಿ ಅದನ್ನು ಮುಗಿಸಿದಳು. ಹೀಗೆ ಮೂವತ್ತು ತುಂಬುವ ಹೊತ್ತಿಗೆ ಜೂನಿಯರ್ ಡೆವಲಪರ್ ಆಗಿ ಈ ಕಂಪನಿಗೆ ಬಂದಾಗ, ಮೊದಲ ದಿನವೇ ಯಾರೋ ಹಳೆಯ ಕೆಲಸ ವಿಚಾರಿಸಿ ಚಸ್ಮಾ ಎಂದರು, ಅದೇ ನಿಂತಿತು. ತಮಾಷೆಯೆಂದರೆ ಅವಳಿಗೆ ಕನ್ನಡಕವೇ ಇಲ್ಲ.

ಕಂಪನಿಯೆಂದರೆ ದೊಡ್ಡ ಗಾಜಿನ ಕಟ್ಟಡವೆಂದು ಯಾರೂ ಭಾವಿಸಬೇಕಾಗಿಲ್ಲ. ಟೈರ್ ಅಂಗಡಿಯ ಮೇಲಿನ ಮಹಡಿ, ಒಂದು ಉದ್ದನೆಯ ಕೋಣೆ, ಕೊನೆಯಲ್ಲಿ ಮೇಡಂ ಕೂರುವ ಸಣ್ಣ ಕೋಣೆ. ಕೆಳಗೆ ಗಾಳಿ ತುಂಬುವ ಯಂತ್ರ ಶುರುವಾದರೆ ಮೇಲೆ ಮೇಜಿನ ಮೇಲಿದ್ದ ಲೋಟಗಳು ಗಿಲಿಗಿಲಿ ಎನ್ನುತ್ತಿದ್ದವು. ಈ ಕೋಣೆಯಲ್ಲಿ ಕೂತ ಏಳೆಂಟು ಮಂದಿ ಕ್ಲಿನಿಕ್ಕು, ಲ್ಯಾಬು, ಸ್ಕ್ಯಾನಿಂಗ್ ಸೆಂಟರುಗಳಿಗೆ ಬೇಕಾದ ಸಾಫ್ಟ್‌ವೇರ್ ಬರೆಯುತ್ತಿದ್ದರು. ಯಾರಿಗೆ ಯಾವ ದಿನ ಯಾವ ಹೊತ್ತಿಗೆ ಪರೀಕ್ಷೆ ಎಂದು ಗುರುತು ಹಾಕಿಕೊಳ್ಳುವುದು, ಹಿಂದಿನ ಸಂಜೆ ಅವರ ಫೋನಿಗೆ ‘ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ’ ಎಂದು ಮೆಸೇಜು ಕಳಿಸುವುದು, ಮುಖ್ಯವಾಗಿ ಇಷ್ಟೇ.

ಮೊದಲ ಆರು ತಿಂಗಳು ಪರೀಕ್ಷೆಯ ಅವಧಿ ಎಂದು ಮೇಡಂ ಸೇರಿಸಿಕೊಳ್ಳುವಾಗಲೇ ಹೇಳಿದ್ದರು. ಅದು ಮುಗಿದ ಮೇಲೆ ಇಟ್ಟುಕೊಳ್ಳುವುದೋ ಬಿಡುವುದೋ ತೀರ್ಮಾನ. ಕನ್ನಡಕದ ಅಂಗಡಿಯ ಯಜಮಾನ ಒಳ್ಳೆಯವನೇ. ‘ನಿನ್ನ ಸ್ಟೂಲು ಖಾಲಿ ಇಟ್ಟಿರ್ತೀನಮ್ಮ, ಆಗದಿದ್ರೆ ವಾಪಸ್ ಬಾ’ ಎಂದು ಬೀಳ್ಕೊಟ್ಟಿದ್ದ. ಆ ಸ್ಟೂಲನ್ನು ನೆನೆಸಿಕೊಂಡಾಗಲೆಲ್ಲ ಚಸ್ಮಾ ಇನ್ನೊಂದು ಗಂಟೆ ಹೆಚ್ಚು ಕೂತು ಕೆಲಸ ಮಾಡುತ್ತಿದ್ದಳು. ಅಲ್ಲಿ ಕಷ್ಟವಿತ್ತೆಂದಲ್ಲ. ಇಲ್ಲಿ ಒಂದು ಸಾಲು ಬರೆದು, ಅದು ಬೇರೆ ಯಾವುದೋ ಬೀದಿಯ ಯಾವುದೋ ಪರದೆಯ ಮೇಲೆ ಚಾಲೂ ಆಗುವುದನ್ನು ಕಂಡಮೇಲೆ ಅವಳಿಗೆ ಹಿಂದೆ ಹೋಗುವ ಮನಸ್ಸಿರಲಿಲ್ಲ. ಅವಳಿಗೆ ಈ ಕೆಲಸ ಬೇಕಾಗಿತ್ತು, ಬಹಳ ಬೇಕಾಗಿತ್ತು.

ಮನೆಯಲ್ಲಿ ಅವಳಿಗಿಂತ ಹೆಚ್ಚು ಹೆಮ್ಮೆ ಅತ್ತೆಗೆ. ಸೊಸೆ ಏನು ಮಾಡುತ್ತಾಳೆಂದು ಅವರಿಗೆ ತಿಳಿದದ್ದು ಅಷ್ಟಕ್ಕಷ್ಟೆ, ಆದರೆ ಇಡೀ ಬೀದಿಗೆ ‘ಕಂಪ್ಯೂಟರ್ ರಿಪೇರಿ ಮಾಡ್ತಾಳೆ’ ಎಂದು ಸಾರಿ ಬಂದಿದ್ದರು. ಅದರ ಫಲವಾಗಿ ರಜಾದಿನ ಅಕ್ಕಪಕ್ಕದವರು ಕೆಟ್ಟ ಟಿವಿ ರಿಮೋಟು, ಇಸ್ತ್ರಿ ಪೆಟ್ಟಿಗೆ ಹಿಡಿದು ಬರುತ್ತಿದ್ದರು. ಅವಳ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವನೇ ಅವನ್ನೆಲ್ಲ ಬಿಚ್ಚಿ ಸರಿಮಾಡಿ ಹೆಂಡತಿಯ ಹೆಸರಿನಲ್ಲಿ ಹಿಂತಿರುಗಿಸುತ್ತಿದ್ದ.

ಆಫೀಸಿನಲ್ಲಿ ಅವಳನ್ನು ತಿದ್ದುವ ಹೊಣೆ ಕತ್ತರಿ ಸರ್ ಮೇಲಿತ್ತು. ನಲವತ್ತು ದಾಟಿದ, ಮೇಡಂ ಕಂಪನಿ ತೆರೆದಂದಿನಿಂದ ಇದ್ದ ಮನುಷ್ಯ. ಅಲ್ಲಿನ ಪದ್ಧತಿಯ ಪ್ರಕಾರ ಯಾರು ಏನು ಬರೆದರೂ ಇನ್ನೊಬ್ಬರು ಓದಿ ಆಯ್ತು ಎಂದ ಮೇಲೆಯೇ ಅದು ಗಿರಾಕಿಗಳ ಕಡೆಗೆ ಹೋಗಬೇಕು. ಹೆಚ್ಚುಪಾಲು ಓದುತ್ತಿದ್ದವರು ಇವರೇ, ಓದಿದ್ದರಲ್ಲಿ ಅರ್ಧ ಕತ್ತರಿಸಿ ಹಾಕುತ್ತಿದ್ದವರೂ ಇವರೇ, ಅದಕ್ಕೇ ಆ ಹೆಸರು. ಚಸ್ಮಾಳ ಮೊಟ್ಟಮೊದಲ ಕೆಲಸ ಒಂದು ಬಟನ್ನಿನ ಬಣ್ಣ ಬದಲಿಸುವುದು. ಅದಕ್ಕೆ ಅವಳು ಮೂರು ದಿನ ತಿಂದಳು, ಬದಲಾದದ್ದು ಬೇರೆ ಬಟನ್ನು. ಕತ್ತರಿ ಸರ್ ನೋಡಿ, ಬಣ್ಣ ಚೆನ್ನಾಗಿದೆ, ಬಟನ್ನು ಮಾತ್ರ ಇದಲ್ಲ ಎಂದರು.

ಮೊದಮೊದಲು ಅವರು ಪಕ್ಕದಲ್ಲಿ ಬರೆಯುತ್ತಿದ್ದ ಒಂದೊಂದು ಟಿಪ್ಪಣಿಯೂ ಅವಳಿಗೆ ಕೆನ್ನೆಗೆ ಕೊಟ್ಟಂತೆ ತಗಲುತ್ತಿತ್ತು. ‘ಇದು ಯಾಕೆ?’ ‘ಇದೇ ಕೆಲಸ ಮೇಲೆ ಮಾಡಿದ್ದೀಯಲ್ಲ?’ ‘ಈ ಹೆಸರು ನೋಡಿ ನಾಳೆ ನಿನಗೇ ಅರ್ಥ ಆಗುತ್ತಾ?’ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತದ್ದೂ ಉಂಟು. ಬರುಬರುತ್ತ, ಕತ್ತರಿಸಿ ಉಳಿದದ್ದು ತಾನು ಬರೆದದ್ದಕ್ಕಿಂತ ಅಚ್ಚುಕಟ್ಟಾಗಿದೆ ಎಂಬುದು ಅವಳಿಗೇ ಕಾಣತೊಡಗಿತು. ಐದನೆಯ ತಿಂಗಳ ಹೊತ್ತಿಗೆ ಸಣ್ಣ ಪುಟ್ಟ ಕೆಲಸಗಳನ್ನು ಕತ್ತರಿ ಸರ್ ಒಂದೂ ಮಾತಾಡದೆ ಬಿಡುತ್ತಿದ್ದರು. ಆ ಮೌನವೇ ಅವಳಿಗೆ ದೊಡ್ಡ ಹೊಗಳಿಕೆ.

ಅವಳು ಕಲಿಯದೆ ಉಳಿದದ್ದು ಒಂದೇ. ಬೆಳಿಗ್ಗೆ ಎಲ್ಲರೂ ಸುತ್ತ ನಿಂತು ನಿನ್ನೆ ಏನು ಮಾಡಿದಿರಿ, ಇವತ್ತು ಏನು ಮಾಡುತ್ತೀರಿ, ಎಲ್ಲಾದರೂ ಸಿಕ್ಕಿಹಾಕಿಕೊಂಡಿದ್ದೀರಾ ಎಂದು ಹೇಳಿಕೊಳ್ಳುವ ಮೀಟಿಂಗ್ ಇತ್ತು. ಮೂರನೆಯ ಪ್ರಶ್ನೆಗೆ ಅವಳು ಒಂದು ದಿನವೂ ಹೂಂ ಎಂದವಳಲ್ಲ. ಕನ್ನಡಕದ ಅಂಗಡಿಯ ಯಜಮಾನ ಮೊದಲ ವಾರದಲ್ಲೇ ಕಲಿಸಿದ್ದ ಪಾಠ ಅದು, ಗಿರಾಕಿಯ ಮುಂದೆ ‘ಗೊತ್ತಿಲ್ಲ’ ಅನ್ನಬಾರದು, ಅಂದರೆ ಎದ್ದು ಹೋಗುತ್ತಾನೆ. ಅಲ್ಲಿ ಗೊತ್ತಿಲ್ಲದ್ದಕ್ಕೆಲ್ಲ ಆಯ್ತು ಎಂದು ನಕ್ಕು, ಒಳಗೆ ಹೋಗಿ ಕೇಳಿಕೊಂಡು ಬರುತ್ತಿದ್ದಳು. ಇಲ್ಲಿ ಒಳಗೆ ಹೋಗಿ ಕೇಳುವುದಕ್ಕೆ ಯಾರೂ ಇರಲಿಲ್ಲ, ಆಯ್ತು ಮಾತ್ರ ನಾಲಿಗೆಯ ತುದಿಯಲ್ಲೇ ಉಳಿದಿತ್ತು.

ಆರನೆಯ ತಿಂಗಳಲ್ಲಿ ಒಂದು ಸ್ಕ್ಯಾನಿಂಗ್ ಸೆಂಟರಿನವರು ಹೊಸದೊಂದು ಸೌಕರ್ಯ ಕೇಳಿದರು. ಒಮ್ಮೊಮ್ಮೆ ಅವರು ಪರೀಕ್ಷೆಯ ದಿನ ಮುಂದೂಡಬೇಕಾಗುತ್ತದೆ. ಹಾಗೆ ಮುಂದೂಡಲು ಕಂಪ್ಯೂಟರಿನಲ್ಲಿ ಒಂದು ಪರದೆ ಬೇಕು, ಮುಂದೂಡಿದಾಗ ಹಳೆಯ ದಿನದ ಮೆಸೇಜು ಹೋಗದಂತೆ ನಿಲ್ಲಬೇಕು. ಕತ್ತರಿ ಸರ್ ಎರಡನ್ನೂ ಚಸ್ಮಾಗೆ ವಹಿಸಿದರು. ಪರದೆಯ ಕೆಲಸ ಅವಳಿಗೆ ನೀರು ಕುಡಿದಷ್ಟು ಸಲೀಸು. ಮೆಸೇಜು ನಿಲ್ಲಿಸುವುದು ಹಾಗಲ್ಲ. ಮೆಸೇಜುಗಳನ್ನು ಕಳಿಸುವ ಭಾಗವನ್ನು ಯಾವತ್ತೋ ಕೆಲಸ ಬಿಟ್ಟು ಹೋದ ಒಬ್ಬ ಬರೆದಿದ್ದ. ಆಫೀಸಿನಲ್ಲಿ ಅದಕ್ಕೆ ಅಂಚೆ ಡಬ್ಬಿ ಎಂದು ಹೆಸರು. ಮೇಲಿಂದ ಹಾಕಿದರೆ ಹೋಗಿ ತಲುಪುತ್ತದೆ, ಒಳಗೆ ಏನಾಗುತ್ತದೆಂದು ಯಾರೂ ಬಗ್ಗಿ ನೋಡಿದವರಲ್ಲ. ಕತ್ತರಿ ಸರ್ ಮೆಟ್ಟಿಲಿಳಿಯುತ್ತಲೇ ಅದನ್ನು ಎರಡು ಮಾತಿನಲ್ಲಿ ವಿವರಿಸಿದರು. ಅವಳಿಗೆ ತಲೆಬುಡ ಅರ್ಥವಾಗಲಿಲ್ಲ. ಆಯ್ತು ಸರ್ ಎಂದಳು.

ಪರದೆ ಬರೆದು ಮುಗಿಸಿದಳು, ಕತ್ತರಿ ಸರ್ ಓದಿ ಕತ್ತರಿಸಿ ಒಪ್ಪಿದರು. ಅಂಚೆ ಡಬ್ಬಿಯನ್ನು ತೆರೆದು ನೋಡಿದಳು, ಮುಚ್ಚಿದಳು, ಮತ್ತೆ ತೆರೆದಳು. ಎರಡು ದಿನ ಕಳೆಯಿತು. ಒಂದು ಸಂಜೆ ಕತ್ತರಿ ಸರ್ ಹೆಗಲಿಗೆ ಚೀಲ ಹಾಕಿಕೊಂಡು ಹೋಗುತ್ತ, ‘ಆ ಹಳೇ ಮೆಸೇಜು ನಿಲ್ಲಿಸೋದು?’ ಎಂದು ಕೇಳಿದರು. ಕೆಳಗೆ ಗಾಳಿಯ ಯಂತ್ರ ಗುರ್ರೆನ್ನುತ್ತಿತ್ತು. ಮರೆಯಬೇಡ ಎಂದು ಜ್ಞಾಪಿಸುತ್ತಿದ್ದಾರೆ ಎಂದುಕೊಂಡು ಅವಳು, ‘ಆಯ್ತು ಸರ್’ ಎಂದಳು. ಮಾಡುತ್ತೇನೆ ಎಂಬ ಆಯ್ತು ಅದು. ಅವರ ಕಿವಿಗೆ ಬಿದ್ದದ್ದು ಮಾಡಿದ್ದೇನೆ ಎಂಬ ಆಯ್ತು. ಅವಳು ಬರೆದದ್ದನ್ನು ದಿನಾ ಓದುತ್ತಿದ್ದವರಿಗೆ ಇದನ್ನೂ ಓದಿ ಮುಗಿಸಿದ್ದೇನೆ ಎಂಬ ಭ್ರಮೆ ಹುಟ್ಟಿರಬೇಕು. ಮರುದಿನ ಬೆಳಿಗ್ಗೆ ಸೆಂಟರಿಗೆ ಫೋನು ಮಾಡಿ, ಹೊಸ ಪರದೆ ಬಳಸಬಹುದು ಎಂದುಬಿಟ್ಟರು.

ಸೆಂಟರಿನ ಯಂತ್ರ ಅದೇ ದಿನ ಕೆಟ್ಟಿತು. ಅವರು ಖುಷಿಯಿಂದ ಹೊಸ ಪರದೆ ತೆರೆದು, ನಾಳೆಯವರನ್ನೆಲ್ಲ ನಾಡಿದ್ದಿಗೆ ತಳ್ಳಿದರು. ಆ ಸಂಜೆ ಅಷ್ಟೂ ಜನಕ್ಕೆ, ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂಬ ಹಳೆಯ ಮೆಸೇಜು ತಪ್ಪದೆ ಹೋಯಿತು. ಬೆಳಿಗ್ಗೆ ಅವರೆಲ್ಲ ಬಂದರು. ಯಂತ್ರ ಬಿಚ್ಚಿ ಹರಡಿತ್ತು.

ಸುದ್ದಿ ಆಫೀಸಿಗೆ ಮುಟ್ಟಿದ್ದು ನಿಂತು ಮಾತಾಡುವ ಮೀಟಿಂಗಿನ ನಡುವೆಯೇ. ಮೇಡಂ ಫೋನು ಹಿಡಿದು ಹೊರಗೆ ಬಂದು, ಸೆಂಟರಿನಲ್ಲಿ ಜನ ಗಲಾಟೆ ಮಾಡುತ್ತಿದ್ದಾರೆ, ಸಕ್ಕರೆ ಕಾಯಿಲೆಯ ಒಬ್ಬರು ತಲೆ ಸುತ್ತಿ ಕೂತುಬಿಟ್ಟಿದ್ದಾರೆ, ಹಳೆಯ ಮೆಸೇಜು ಹೇಗೆ ಹೋಯಿತು ಎಂದು ಕೇಳಿದರು. ಎಲ್ಲರೂ ಕತ್ತರಿ ಸರ್ ಕಡೆ ನೋಡಿದರು, ಕತ್ತರಿ ಸರ್ ಚಸ್ಮಾಳ ಕಡೆ ನೋಡಿದರು.

“ಅದು ಆಗಿದೆ ಅಂತ ಇವರೇ ಹೇಳಿದ್ರು, ಮೇಡಂ.”

“ಇಲ್ಲ ಸರ್, ನಾನು ಆಯ್ತು ಅಂದೆ.”

“ಅದನ್ನೇ ನಾನೂ ಹೇಳ್ತಿರೋದು.”

“ಆಯ್ತು ಅಂದ್ರೆ, ಮಾಡ್ತೀನಿ ಅಂತ.”

ಒಬ್ಬನಿಗೆ ನಗು ಬಂತು, ಮೇಡಂ ಮುಖ ನೋಡಿ ನುಂಗಿಕೊಂಡ. ಕತ್ತರಿ ಸರ್ ಮುಖ ಕಲ್ಲಾಯಿತು. ಮಾಡಿದ್ದನ್ನು ಒಪ್ಪಿಕೊಳ್ಳುವವರನ್ನು ತಿದ್ದಬಹುದು, ಮಾತು ತಿರುಚುವವರನ್ನು ಏನು ಮಾಡುವುದು ಎಂದು ಗಾಳಿಗೆ ಹೇಳಿದಂತೆ ಹೇಳಿ ತಮ್ಮ ಜಾಗಕ್ಕೆ ಹೋದರು. ಚಸ್ಮಾಳ ಎದೆಗೆ ಚುಚ್ಚಿದ್ದು ಇನ್ನೂ ಒಂದಿತ್ತು. ಆರು ತಿಂಗಳಿನಿಂದ ನೀನು, ಇವಳು ಎಂದು ಮಾತಾಡಿಸುತ್ತಿದ್ದವರು ಇವತ್ತು ‘ಇವರು’ ಎಂದಿದ್ದರು. ಬೈಗುಳಕ್ಕಿಂತ ಆ ಬಹುವಚನ ಅವಳನ್ನು ದೂರ ಎಸೆಯಿತು. ಈ ವಾರದ ಕೊನೆಗೆ ತನ್ನ ಬಗ್ಗೆ ತೀರ್ಮಾನ, ಕೇಳುವುದು ಇವರನ್ನೇ, ಇವರೋ ತನ್ನನ್ನು ಸುಳ್ಳಿ ಎಂದುಕೊಂಡಿದ್ದಾರೆ.

ಜಗಳ ಆಮೇಲೆ ಆಡಿಕೊಳ್ಳಿ ಎಂದು ಮೇಡಂ ಕೆಲಸ ಹಂಚಿದರು. ಕತ್ತರಿ ಸರ್ ಕೂತು ಸರಿಮಾಡುವುದು. ಚಸ್ಮಾ ಸೆಂಟರಿಗೆ ಹೋಗಿ, ಯಾರಿಗೆಲ್ಲ ತಪ್ಪು ಮೆಸೇಜು ಹೋಗಿದೆ ಎಂದು ನೋಡಿ, ಕ್ಷಮೆ ಕೇಳಿ ಬರುವುದು.

ಸೆಂಟರಿನ ಬಾಗಿಲಲ್ಲಿ ಆಗಲೇ ಅರ್ಧ ಜನ ಚದುರಿದ್ದರು. ತಲೆ ಸುತ್ತಿದವರು ನಿವೃತ್ತ ಮೇಷ್ಟ್ರು ಎಂದು ತಿಳಿಯಿತು. ಗೋಡೆಗೆ ಒರಗಿ ಕೂತು ಬಿಸ್ಕೆಟ್ಟನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದರು, ಕೈ ಇನ್ನೂ ನಡುಗುತ್ತಿತ್ತು, ಅಂಗಿಯ ಮೇಲೆಲ್ಲ ಚೂರು. ಪಕ್ಕದಲ್ಲಿ ಅವರ ಹೆಂಡತಿ, ಗಂಡನ ಚಪ್ಪಲಿಯನ್ನು ಯಾಕೋ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು. ಚಸ್ಮಾ ಮುಂದೆ ನಿಂತು, ಮೆಸೇಜು ತಪ್ಪಾಗಿ ಹೋಗಿದ್ದು ತನ್ನಿಂದ ಎಂದಳು. ಮೇಷ್ಟ್ರು ತಲೆಯೆತ್ತಿ ನೋಡಿ, ಮೆಸೇಜನ್ನು ಮನುಷ್ಯರು ಕಳಿಸುತ್ತಾರಾ, ಯಂತ್ರವೇ ಕಳಿಸುತ್ತದೆ ಎಂದುಕೊಂಡಿದ್ದೆನಲ್ಲ ಎಂದರು. ಸಿಟ್ಟಿರಲಿಲ್ಲ. ಅವಳಿಗೆ ಬೈಸಿಕೊಂಡಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಪರದೆ ಬರೆಯುವಾಗ ಅದು ಬರೀ ಹೆಸರುಗಳ ಸಾಲಾಗಿತ್ತು, ಈ ನಡುಗುವ ಕೈ ಅದರಲ್ಲಿ ಅವಳಿಗೆ ಕಂಡಿರಲಿಲ್ಲ.

ಸಿಟ್ಟೆಲ್ಲ ಇದ್ದದ್ದು ರಿಸೆಪ್ಷನ್ನಿನ ಹೆಂಗಸಿನ ಹತ್ತಿರ. ಬೆಳಗಿನಿಂದ ಎಲ್ಲರ ಬಾಯಿಗೆ ಸಿಕ್ಕಿದ್ದ ಆಕೆ, ಚಸ್ಮಾ ಸಿಕ್ಕಿದ್ದೇ ಸಾಕೆಂದು ಹಳೆಯ ಬಾಕಿಯನ್ನೂ ಸೇರಿಸಿ ಹಾಕಿದರು. ಇದು ಮೊದಲನೆಯ ಸಲವೇನಲ್ಲ. ಹೋದ ವರ್ಷ ಪರೀಕ್ಷೆಗೆ ಬರಬೇಕಾಗಿದ್ದ ಒಬ್ಬರು ತೀರಿಕೊಂಡರು, ಮಗ ಬೆಳಿಗ್ಗೆ ಫೋನು ಮಾಡಿ ತಿಳಿಸಿದ, ಆಕೆ ಆ ಕ್ಷಣವೇ ಹೆಸರು ತೆಗೆದುಹಾಕಿದರು. ಆದರೂ ಅಂದಿನ ಸಂಜೆ ಆ ಮನೆಗೆ, ನಾಳೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದು ಹೋಯಿತು.

“ಆಗಲೇ ನಿಮ್ಮ ಆ ಹಿರಿಯರಿಗೆ ಫೋನ್ ಮಾಡಿ ಹೇಳಿದ್ದೆ, ಇದನ್ನ ನೋಡಿ ಅಂತ. ಆಯ್ತು ಅಂದ್ರು. ನಾನೂ ಆಯ್ತಲ್ಲ ಅಂತ ಸುಮ್ಮನಾದೆ.”

ಚಸ್ಮಾ ಇನ್ನೊಮ್ಮೆ ಕೇಳಿದಳು. ಆಕೆ ಇನ್ನೊಮ್ಮೆ ಹೇಳಿದರು. ಅದೇ ಮಾತು, ಆಯ್ತು ಅಂದ್ರು.

ಬಸ್ಸಿನಲ್ಲಿ ವಾಪಸಾಗುವಾಗ ಅವಳಿಗೆ ಒಳಗೊಳಗೇ ಕುಣಿಯುವ ಹಾಗಾಗಿತ್ತು. ಮೇಡಂ ಎದುರು ಈ ಒಂದು ಮಾತು ಎತ್ತಿದರೆ ಸಾಕು, ಕತ್ತರಿಯ ಬಾಯಿ ಕಟ್ಟಿಹೋಗುತ್ತದೆ. ಮಾತು ತಿರುಚುವವರು ಯಾರು ಎಂದು ಕೇಳಬಹುದು. ಹೇಗೆ ಕೇಳಬೇಕು, ಯಾವ ದನಿಯಲ್ಲಿ, ಎಲ್ಲರೂ ಇರುವಾಗಲೋ ಇಲ್ಲದಾಗಲೋ ಎಂದು ಮನಸ್ಸಿನಲ್ಲೇ ತಾಲೀಮು ಮಾಡಿದಳು. ಅಷ್ಟರಲ್ಲಿ ಅತ್ತೆಯ ಫೋನು. ಮಧ್ಯಾಹ್ನದ ಮಾತ್ರೆ ತಗೊಂಡ್ರಾ ಎಂದು ಚಸ್ಮಾ ಎಂದಿನಂತೆ ಕೇಳಿದಳು, ಅತ್ತೆ ಎಂದಿನಂತೆ ಆಯ್ತಮ್ಮ ಎಂದರು. ಆ ಆಯ್ತು ಇನ್ನೂ ಮಾತ್ರೆಯ ಡಬ್ಬಿಯಲ್ಲೇ ಇದೆ ಎಂದು ಅವಳಿಗೆ ಗೊತ್ತು. ದಿನಾ ಮನೆಗೆ ಹೋಗಿ ಮಾತ್ರೆಯ ಪಟ್ಟಿ ತಿರುಗಿಸಿ ನೋಡುವವಳು ಅವಳೇ. ಫೋನು ಹಿಡಿದುಕೊಂಡೇ ತಗೊಳ್ಳಿ, ನೀರು ಕುಡಿದ ಸದ್ದು ಕೇಳಿಸಬೇಕು ಎಂದಳು. ಅತ್ತೆ ಗೊಣಗಿಕೊಂಡೇ ನುಂಗಿ, ಗುಟುಕಿನ ಸದ್ದು ಜೋರಾಗಿಯೇ ಕೇಳಿಸಿದರು.

ಫೋನಿಟ್ಟ ಮೇಲೆ ಅವಳ ಕುಣಿತ ತಾನಾಗಿ ಇಳಿಯಿತು. ತೀರಿಕೊಂಡವರ ಹೆಸರನ್ನು ಬೆಳಿಗ್ಗೆಯೇ ತೆಗೆದಿದ್ದರೂ ಸಂಜೆ ಮೆಸೇಜು ಹೋದದ್ದು ಹೇಗೆ? ಬಸ್ಸು ಆಫೀಸಿನ ಬೀದಿಗೆ ತಿರುಗುವವರೆಗೂ ಅವಳು ಅದನ್ನೇ ಯೋಚಿಸುತ್ತಿದ್ದಳು, ಉತ್ತರ ಹೊಳೆಯಲಿಲ್ಲ.

ಮಹಡಿ ಹತ್ತಿ ಬಂದಾಗ ಮೇಡಂ ಕತ್ತರಿ ಸರ್ ಕುರ್ಚಿಯ ಹಿಂದೆಯೇ ನಿಂತಿದ್ದರು. ಯಂತ್ರದ ಬಿಡಿಭಾಗ ಇನ್ನೂ ಬಂದಿಲ್ಲವಂತೆ. ನಾಳೆಗೆ ತಳ್ಳಿದವರನ್ನು ಸೆಂಟರಿನವರು ಈಗ ಇನ್ನೂ ಮುಂದಕ್ಕೆ ತಳ್ಳಿದ್ದರು. ಎಂದರೆ ಇವತ್ತು ಸಂಜೆ ಹೋಗಬೇಕಾಗಿದ್ದ ಮೆಸೇಜು ನಿಲ್ಲಲೇಬೇಕು, ಇಲ್ಲದಿದ್ದರೆ ಅದೇ ಜನ ನಾಳೆಯೂ ಹಸಿದುಕೊಂಡು ಬಂದು ನಿಲ್ಲುತ್ತಾರೆ. ಕತ್ತರಿ ಸರ್ ಬರೆದು ಮುಗಿಸಿದ್ದರು. ಇನ್ನೊಬ್ಬರು ಓದಿ ಆಯ್ತು ಅನ್ನುವುದೊಂದೇ ಬಾಕಿ. ಉಳಿದವರೆಲ್ಲ ಬೇರೆ ಬೇರೆ ಗಿರಾಕಿಗಳ ಕಡೆ ಹೋಗಿದ್ದರು, ಕೋಣೆಯಲ್ಲಿದ್ದವಳು ಚಸ್ಮಾ ಒಬ್ಬಳೇ.

“ಒಂದ್ಸಲ ನೋಡಿ ಆಯ್ತು ಅನ್ನಿ. ಹೊತ್ತಾಗ್ತಿದೆ,” ಎಂದರು ಕತ್ತರಿ ಸರ್, ತಲೆಯೆತ್ತದೆ.

ಅವಳು ಕೂತು ಓದಿದಳು. ಮುಂದೂಡಿದವರ ಹೆಸರನ್ನು ಕಳಿಸಬೇಕಾದವರ ಸಾಲಿನಿಂದ ತೆಗೆಯುವ ಕೆಲಸ ನೀಟಾಗಿತ್ತು, ಅವರ ಕೈಯೇ ಹಾಗೆ. ಆಮೇಲೆ ಬರುವುದು ಅಂಚೆ ಡಬ್ಬಿ, ಅಲ್ಲಿ ಅವಳಿಗೆ ಎಂದಿನಂತೆ ಕತ್ತಲೆ. ಆಯ್ತು ಎಂದರೆ ಎಲ್ಲ ಸಲೀಸು. ಮೇಡಂಗೆ ಸಮಾಧಾನ, ಕತ್ತರಿ ಸರ್ ಕೋಪ ಅರ್ಧ ಇಳಿಯುತ್ತದೆ, ವಾರದ ಕೊನೆಯ ತೀರ್ಮಾನಕ್ಕೂ ಒಳ್ಳೆಯದು. ಅವರು ಬರೆದದ್ದನ್ನು ತಪ್ಪೆನ್ನಲು ಇವಳು ಯಾವ ಊರಿನ ದೊಡ್ಡವಳು? ಮಾತು ಗಂಟಲಿನವರೆಗೂ ಬಂದಿತ್ತು. ಮೇಷ್ಟ್ರ ಅಂಗಿಯ ಮೇಲಿನ ಬಿಸ್ಕೆಟ್ ಚೂರು ನೆನಪಾಯಿತು. ಅವಳು ಕೀಬೋರ್ಡಿನಿಂದ ಕೈ ತೆಗೆದಳು.

“ಆಯ್ತು ಅನ್ನಕ್ಕೆ ಆಗ್ತಿಲ್ಲ ಸರ್. ನನಗೆ ಅರ್ಥ ಆಗಿಲ್ಲ.”

ಕತ್ತರಿ ಸರ್ ನಿಧಾನವಾಗಿ ತಿರುಗಿದರು. ಮೇಡಂ ಗಡಿಯಾರ ನೋಡಿದರು.

“ಏನು ಅರ್ಥ ಆಗಿಲ್ಲ?”

“ಅಂಚೆ ಡಬ್ಬಿ. ಯಾವತ್ತೂ ಅರ್ಥ ಆಗಿಲ್ಲ. ನೀವು ಮೆಟ್ಟಿಲ ಮೇಲೆ ಹೇಳಿದಾಗ್ಲೂ ಆಗಿರ್ಲಿಲ್ಲ. ಕೇಳಕ್ಕೆ ನಾಚಿಕೆ ಆಯ್ತು, ಅದಕ್ಕೇ ಕೆಲಸ ಹಾಗೇ ಉಳೀತು.”

ಕತ್ತರಿ ಸರ್ ಉಸಿರು ಬಿಟ್ಟು, ಹಲ್ಲು ಕಡಿದುಕೊಂಡೇ ವಿವರಿಸಿದರು. ಸಾಲಿನಲ್ಲಿ ಹೆಸರಿದ್ದರೆ ಸಂಜೆ ಡಬ್ಬಿ ಎತ್ತಿಕೊಳ್ಳುತ್ತದೆ, ಕಳಿಸುತ್ತದೆ. ಹೆಸರಿಲ್ಲದಿದ್ದರೆ ಇಲ್ಲ. ಇದರಲ್ಲಿ ಅರ್ಥವಾಗದ್ದೇನಿದೆ? ಸಂಜೆಯೇ ಎತ್ತಿಕೊಳ್ಳುತ್ತದಾ ಎಂದು ಅವಳು ಕೇಳಿದಳು. ಸಂಜೆಯೇ, ಮೆಸೇಜು ಹೋಗುವುದು ಸಂಜೆ ತಾನೇ ಎಂದರು. ಹೋಗುವುದು ಸಂಜೆ, ಎತ್ತಿಕೊಳ್ಳುವುದೂ ಸಂಜೆಯೇನಾ ಎಂದು ಅವಳು ಮತ್ತೆ ಕೇಳಿದಳು. ಮೇಡಂ ಒಂದು ಸಲ ಇವಳನ್ನು, ಒಂದು ಸಲ ಅವರನ್ನು ನೋಡಿದರು.

“ಸೆಂಟರಲ್ಲಿ ಒಬ್ರು ತೀರ್ಕೊಂಡಿದ್ರಂತೆ ಸರ್, ಹೋದ ವರ್ಷ. ಹೆಸರು ಬೆಳಿಗ್ಗೇನೇ ತೆಗೆದ್ರಂತೆ. ಆದ್ರೂ ಸಂಜೆ ಮೆಸೇಜ್ ಹೋಗಿದೆ. ಅದು ಹೇಗೆ ಅಂತ ನನಗೆ ಗೊತ್ತಾಗ್ತಿಲ್ಲ.”

ಅಷ್ಟೇ ಹೇಳಿದಳು. ಬಸ್ಸಿನಲ್ಲಿ ತಾಲೀಮು ಮಾಡಿದ್ದನ್ನು ಹೇಳಲಿಲ್ಲ. ಒಳ್ಳೆಯತನದಿಂದ ಬಿಟ್ಟಳೆಂದು ಅವಳನ್ನು ಎತ್ತರಕ್ಕೆ ಏರಿಸುವುದು ಬೇಡ. ಉತ್ತರ ಬೇಕಾಗಿತ್ತು, ಜಗಳಕ್ಕೆ ಹೊತ್ತಿರಲಿಲ್ಲ.

ಕತ್ತರಿ ಸರ್ ಪರದೆಯ ಕಡೆ ತಿರುಗಿ ಡಬ್ಬಿಯ ಒಳಗಿನ ಸಾಲುಗಳನ್ನು ಮೇಲೆ ಕೆಳಗೆ ಓಡಿಸಿದರು. ಕಿವಿ ಕೆಂಪಾಗುತ್ತ ಬಂತು. ರಿಸೆಪ್ಷನ್ನಿನ ಆ ಹೆಂಗಸು ಫೋನು ಮಾಡಿದ್ದು, ತಾವು ಏನೆಂದದ್ದು ಅವರಿಗೆ ನೆನಪಾಗಿರಬೇಕು.

“ಆವತ್ತು ನಾನೂ ಆಯ್ತು ಅಂದಿದ್ದೆ,” ಎಂದರು ಕೊನೆಗೆ. ಆಮೇಲೆ ಮೇಡಂ ಕಡೆ ನೋಡದೆ, “ನನಗೂ ಗೊತ್ತಿಲ್ಲ ಮೇಡಂ, ಇದರ ಒಳಗೆ ಏನಾಗುತ್ತೆ ಅಂತ. ಇದನ್ನ ಬರೆದವನು ಬಿಟ್ಟು ಹೋದಾಗ ಎಲ್ಲ ಕಲ್ತ್ಕೊಳ್ಳಿ ಅಂದ್ರಿ. ಆಯ್ತು ಅಂದೆ. ಕಲೀಲಿಲ್ಲ.”

ಮೇಡಂ ಒಂದು ಕುರ್ಚಿ ಎಳೆದುಕೊಂಡು ಕೂತು, ಗೊತ್ತಿಲ್ಲದವರು ಈಗ ಮೂವರಾದೆವು, ಓದೋಣ ಎಂದರು. ಕತ್ತರಿ ಸರ್ ಸರಿದು ಜಾಗ ಮಾಡಿ, “ಬಾ, ನೀನೂ ನೋಡು,” ಎಂದರು ಚಸ್ಮಾಗೆ. ಆ ನೀನು ಕೇಳಿ ಅವಳ ಕಣ್ಣು ತುಂಬಿಬಂತು, ಆದರೆ ಓದಬೇಕಾದದ್ದು ಬೆಟ್ಟದಷ್ಟಿತ್ತು, ಒರೆಸಿಕೊಂಡು ಕೂತಳು.

ಓದಿದರೆ ಸಂಗತಿ ಸರಳವಾಗಿಯೇ ಇತ್ತು. ಡಬ್ಬಿ ಸಂಜೆಯವರೆಗೆ ಕಾಯುತ್ತಲೇ ಇರಲಿಲ್ಲ. ನಸುಕಿನಲ್ಲೇ ಆ ದಿನ ಹೋಗಬೇಕಾದದ್ದನ್ನೆಲ್ಲ ಎತ್ತಿ ಫೋನ್ ಕಂಪನಿಯ ಕೈಗೆ ಒಪ್ಪಿಸಿಬಿಡುತ್ತಿತ್ತು. ಸಂಜೆ ಅಲ್ಲಿಂದಲೇ ಹೋಗುತ್ತಿತ್ತು. ಈಗ ಇಲ್ಲಿ ಯಾರ ಹೆಸರು ತೆಗೆದರೂ ಇವತ್ತಿನ ಮೆಸೇಜಿಗೆ ಕೂದಲೂ ಕೊಂಕುವುದಿಲ್ಲ. ಕತ್ತರಿ ಸರ್ ಬರೆದದ್ದನ್ನು ಆಯ್ತೆಂದು ಕಳಿಸಿದ್ದರೆ, ಎಲ್ಲರೂ ನಿಶ್ಚಿಂತೆಯಿಂದ ಮನೆಗೆ ಹೋಗಿರುತ್ತಿದ್ದರು, ಮೇಷ್ಟ್ರು ನಾಳೆಯೂ ಹಸಿದು ಬಂದಿರುತ್ತಿದ್ದರು. ಫೋನ್ ಕಂಪನಿಯವರನ್ನು ಕೇಳಿದ್ದಕ್ಕೆ, ಒಮ್ಮೆ ಕೊಟ್ಟದ್ದನ್ನು ಹಿಂದೆ ಪಡೆಯುವ ವ್ಯವಸ್ಥೆ ತಮ್ಮಲ್ಲಿಲ್ಲ ಎಂದರು.

ಉಳಿದ ದಾರಿ ಒಂದೇ. ಮೂವರೂ ಒಂದೊಂದು ಫೋನು ಹಿಡಿದು ಕೂತು, ಸೆಂಟರಿನಿಂದ ನಂಬರುಗಳನ್ನು ತರಿಸಿಕೊಂಡು, ಒಬ್ಬೊಬ್ಬರಿಗೂ ಫೋನು ಹಚ್ಚಿದರು. ಸಂಜೆ ಒಂದು ಮೆಸೇಜು ಬರುತ್ತೆ, ಅದನ್ನ ನಂಬಬೇಡಿ. ಹೀಗೆ ಹೇಳುವ ಸಾಫ್ಟ್‌ವೇರ್ ಕಂಪನಿ ಲೋಕದಲ್ಲಿ ಇನ್ನೊಂದಿರಲಾರದು. ಕೆಲವರು ಬೈದರು, ಕೆಲವರು ಏನೋ ಮಾರುವುದಕ್ಕೆ ಮಾಡಿದ ಫೋನೆಂದು ಕಟ್ ಮಾಡಿದರು, ಅವರಿಗೆ ಮತ್ತೆ ಮಾಡಬೇಕಾಯಿತು. ಮೇಷ್ಟ್ರ ನಂಬರು ಚಸ್ಮಾಳ ಪಾಲಿಗೆ ಬಂತು.

“ಹಾಗಾದ್ರೆ ನಾಳೆ ಬೆಳಿಗ್ಗೆ ನಾನು ತಿನ್ನಬಹುದು ಅನ್ನಿ,” ಎಂದರು ಅವರು.

“ತಿನ್ನಿ ಸರ್. ಹೊಟ್ಟೆ ತುಂಬ ತಿನ್ನಿ.”

“ಇದು ನಿಮ್ಮ ಯಂತ್ರ ಹೇಳ್ತಿರೋದಾ, ನೀವು ಹೇಳ್ತಿರೋದಾ?”

“ನಾನು ಹೇಳ್ತಿರೋದು.”

ಮಾರನೆಯ ದಿನ ಸೆಂಟರಿನ ಬಾಗಿಲಿಗೆ ಹಸಿದುಕೊಂಡು ಯಾರೂ ಬರಲಿಲ್ಲ.

ವಾರದ ಕೊನೆಗೆ ಮೇಡಂ ಇಬ್ಬರನ್ನೂ ಒಟ್ಟಿಗೇ ಒಳಗೆ ಕರೆದರು. ಚಸ್ಮಾ ರಾತ್ರಿಯೆಲ್ಲ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಹೋಗು ಎಂದರೂ ಅದರಲ್ಲಿ ಅನ್ಯಾಯವಿಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದಳು, ಹಾಗೆಂದು ಮನಸ್ಸು ಕೇಳಿರಲಿಲ್ಲ. ಮೇಡಂ ಸುತ್ತಿ ಬಳಸಿ ಮಾತಾಡುವವರಲ್ಲ. ಕೆಲಸ ಮುಗಿಯದೆ ಉಳಿದದ್ದು, ಕೇಳದೆ ಸುಮ್ಮನಿದ್ದದ್ದು, ಎರಡೂ ತಪ್ಪು ಎಂದು ನೇರವಾಗಿ ಹೇಳಿದರು. ಚಸ್ಮಾ ತಲೆಯಾಡಿಸಿದಳು. ಆಮೇಲೆ ಕತ್ತರಿ ಸರ್ ಕಡೆ ತಿರುಗಿ, ಇವಳ ಜೊತೆ ಕೆಲಸ ಮಾಡಬೇಕಾದವರು ನೀವು, ಇವಳು ನಾಳೆ ಆಯ್ತು ಅಂದರೆ ನಂಬುತ್ತೀರಾ ಎಂದು ಕೇಳಿದರು.

ಕತ್ತರಿ ಸರ್ ಮೇಜಿನ ಮೇಲಿದ್ದ ಪೆನ್ನನ್ನು ಅತ್ತಿತ್ತ ಉರುಳಿಸಿದರು.

“ಮೊನ್ನೆ ನೀವು ಹಿಂದೆ ನಿಂತಿದ್ರಿ, ನಾನು ಸಿಟ್ಟಲ್ಲಿದ್ದೆ, ಇವಳ ಕೆಲಸ ಹೋಗೋದ್ರಲ್ಲಿತ್ತು. ಆಗ ಇವಳು ಅರ್ಥ ಆಗಿಲ್ಲ ಅಂದ್ಲು. ಇಷ್ಟು ವರ್ಷದಲ್ಲಿ ನನ್ನ ಬಾಯಲ್ಲಿ ಆ ಮಾತು ಬಂದಿರ್ಲಿಲ್ಲ ಮೇಡಂ. ಇವಳು ಆಯ್ತು ಅಂದ್ರೆ ನಂಬ್ತೀನಿ. ನನ್ನನ್ನ ನಂಬಬೇಕೋ ಬೇಡ್ವೋ ಅಂತ ನೀವು ಇವಳನ್ನ ಕೇಳಬೇಕು.”

ಮೇಡಂ ಚಸ್ಮಾಳನ್ನು ನೋಡಿದರು. ನಿಜವಾಗಿಯೂ ಕೇಳುತ್ತಿದ್ದಾರೆಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅಂಚೆ ಡಬ್ಬಿಯನ್ನು ಸರ್ ಜೊತೆಗೆ ಕೂತು ಮೊದಲಿನಿಂದ ಕಲಿಯಬೇಕು, ಕಲಿತ ಮೇಲೆ ಹೇಳುತ್ತೇನೆ ಎಂದಳು. ಕತ್ತರಿ ಸರ್ ಜೋರಾಗಿ ನಕ್ಕರು, ಆ ಕೋಣೆಯಲ್ಲಿ ಅವರ ನಗು ಯಾರೂ ಕೇಳಿದ್ದಿಲ್ಲ. ಹಾಗಾದರೆ ಇಬ್ಬರೂ ಇರಿ ಎಂದರು ಮೇಡಂ.

ಹೊರಗೆ ಬಂದು ಕತ್ತರಿ ಸರ್ ತಮ್ಮ ಕುರ್ಚಿಯನ್ನು ಉರುಳಿಸಿಕೊಂಡು ಚಸ್ಮಾಳ ಮೇಜಿಗೆ ತಂದರು. ಮೊನ್ನೆ ಓದಿದ್ದು ಬೇಕಾದ ಭಾಗ ಮಾತ್ರ, ಅವಳು ಈಗ ಅಂಚೆ ಡಬ್ಬಿಯನ್ನು ಮೊದಲಿನಿಂದ ತೆರೆದಳು. ಮೊದಲ ಸಾಲಿನ ಅರ್ಥವೇನು ಸರ್ ಎಂದು ಕೇಳಿದಳು. ಅವರು ಕನ್ನಡಕ ಮೇಲೇರಿಸಿಕೊಂಡು ಬಹಳ ಹೊತ್ತು ನೋಡಿ, ಗೊತ್ತಿಲ್ಲ ಎಂದರು. ಅವಳಿಗೂ ಗೊತ್ತಿರಲಿಲ್ಲ. ಇಬ್ಬರೂ ಅಲ್ಲಿಂದಲೇ ಶುರುಮಾಡಿದರು.